ಕಾಲಂ ಹನ್ನೊಂದು

ಬೆಲ್ಲದ ಅಡತಿ ಅಂಗಡಿಯ ಕ್ಯಾಲೆಂಡರು, ಹೋದ ವರ್ಷದ್ದು.
ಅದರ ಬೆನ್ನಿಗೆ ಸ್ಕೇಲು ಹಿಡಿದು ಗೆರೆ ಎಳೆದಿದ್ದೇನೆ:
ಎಡಕ್ಕೆ ನಮ್ಮ ಕಾಲೇಜು, ಬಲಕ್ಕೆ ವಿಶ್ವವಿದ್ಯಾಲಯ,
ನಡುವೆ ಬೆರಳಗಲ ಖಾಲಿ.
ಎರಡು ವರ್ಷದ ಓದನ್ನು
ಆ ಖಾಲಿಯಾಚೆ ಸಾಗಿಸಬೇಕು.

ಹುಲ್ಲೋಳಿ ಮೇಡಂ ಹೇಳಿದ್ದು ಇಷ್ಟು:
"ಕನ್ನಡ ದಾಟತೈತಿ, ಇಂಗ್ಲಿಷ್ ದಾಟತೈತಿ,
ಇತಿಹಾಸ ಅರ್ಧ ದಾಟತೈತಿ.
ಸಹಕಾರ ಸಂಘದ ಪೇಪರ್ ತಗೊಂಡ್ಯೋ, ಅದು ಇಲ್ಲೇ ಉಳೀತೈತಿ,
ನಿನ್ನ ಸಂಗಾಟ ಬರೂದಿಲ್ಲ."
ಬಸ್ಸಿನ ಮೇಲೆ ಏರದ ಮೂಟೆಯ ಹಾಗಾ ಅಂದೆ.
ಅವರು ನಗಲಿಲ್ಲ.
ಕನ್ನಡಕ ಒರೆಸುತ್ತ, "ನಾನೂ ಹಂಗ ಬಿಟ್ಟು ಬಂದಾಕಿ" ಅಂದರು.
ಏನನ್ನು ಅಂತ ಹೇಳಲಿಲ್ಲ.

ನಮ್ಮದು ಮಹಾಲಿಂಗಪುರದ ಡ್ರಾಮಾ ಸೀನ್ಸ್ ಗೋಡೌನು.
ಅಪ್ಪ ಬಡಿಗ, ಇಮಾಮಹುಸೇನ ಕಾಕಾ ಪೇಂಟರ್,
ನಾನು ಹಗ್ಗ.
ಒಂಬತ್ತನೇ ವಯಸ್ಸಿನಿಂದ ಹಗ್ಗ.
ಅರಮನೆ ಇಳಿಸು, ಕಾಡು ಏರಿಸು, ಜೈಲು ಇಳಿಸು.
ಬಡವನ ಮನೆ ಅರ್ಧಕ್ಕೆ ಸಿಕ್ಕಿಕೊಂಡರೆ
ಗೌಡನ ಕಂಬಗಳ ಕೆಳಗೆ ಅವನ ಒಲೆ ಕಾಣುತ್ತದೆ,
ಜನ ಸಿಳ್ಳೆ ಹಾಕುತ್ತಾರೆ.
ನನ್ನ ಅಂಗೈಯಲ್ಲಿ ಹಣೆಬರಹ ಯಾವುದು, ಹಗ್ಗದ ಗುರುತು ಯಾವುದು
ಕೈ ನೋಡುವವರಿಗೂ ತಿಳಿಯದು.

ಅರ್ಜಿಯಲ್ಲಿ ಕಾಲಂ ಹನ್ನೊಂದು: ಪೂರ್ವಾನುಭವ.
ಬಾಡಿಗೆ ವಹಿ ತೆಗೆದು, ಬೆರಳು ಮಡಚಿ ಎಣಿಸಿ ಬರೆದೆ:
ಇನ್ನೂರಾ ಹದಿನಾಲ್ಕು ರಾತ್ರಿ.
ಗುಮಾಸ್ತ ಸದಲಗಿ ವಿಭಾಗಕ್ಕೆ ಫೋನು ಹಚ್ಚಿ ಕೇಳಿ,
ಫೋನಿನ ಬಾಯಿಗೆ ಕೈ ಮುಚ್ಚಿ,
"ಇದಕ್ಕ ಕ್ರೆಡಿಟ್ ಇಲ್ಲಂತ ನೋಡವಾ,
ಸರ್ಟಿಫಿಕೇಟ್ ಇದ್ರ ನೋಡೂಣಂತ."

ಸರ್ಟಿಫಿಕೇಟು.
ತೇರದಾಳದಲ್ಲಿ ಕರೆಂಟು ಹೋದ ರಾತ್ರಿ
ಟ್ರ್ಯಾಕ್ಟರಿನ ಎರಡೂ ದೀಪ ರಂಗಕ್ಕೆ ತಿರುಗಿಸಿದವಳು ನಾನು.
ನಾಯಕಿ ಸಾಯುವ ಹೊತ್ತಿಗೆ
ಒಂದರ ಮೇಲೆ ಹಸಿ ಗೋಣಿಚೀಲ ಹೊದಿಸಿದೆ.
ಅರ್ಧ ಮುಖ ಬೆಳಕು, ಅರ್ಧ ಮುಖ ಇಲ್ಲ.
ಮುಂದಿನ ಸಾಲಿನ ಪೈಲ್ವಾನ
ರುಮಾಲು ಬಾಯಿಗೆ ತುರುಕಿಕೊಂಡು ಅಳುತ್ತಿದ್ದ.
ಅದಕ್ಕೆ ಸಹಿ ಹಾಕಬೇಕಾದವರು ಯಾರು? ಟ್ರ್ಯಾಕ್ಟರಾ?

ಅದಕ್ಕೇ ಮೂರನೇ ಸೆಮಿಸ್ಟರಿಗೆ
ಭೌತಶಾಸ್ತ್ರದವರ ಮನೆಬಳಕೆ ವಿದ್ಯುತ್ತು ಬರೆದೆ.
ಹುಡುಗರು ಇಪ್ಪತ್ತೆಂಟು, ನಾನೊಬ್ಬಳು.
ನಾಲ್ಕನೆಯದಕ್ಕೆ ಹಳಗನ್ನಡ,
ಮೇಡಂ ಗಟ್ಟಿಯಾಗಿ ಓದಿಸುತ್ತಾರೆ ಅನ್ನುವ ಒಂದೇ ಕಾರಣಕ್ಕೆ.
ಪರಿಸರ ಕಡ್ಡಾಯ, ಇರಲಿ.
ಸಹಕಾರ ಸಂಘ ಹೊಡೆದುಹಾಕಿದೆ.

ಅಪ್ಪ ಆ ಹೊಡೆದ ಗೆರೆಯನ್ನೇ ನೋಡಿದ.
"ಅದ್ರಾಗ ಬ್ಯಾಂಕಿನ ನೌಕರಿ ಇತ್ತಲ್ಲ."
ಮತ್ತೆ ಬಹಳ ಹೊತ್ತು ಮಾತಿಲ್ಲ.
ಆಮೇಲೆ ಕಿವಿಯ ಮೇಲಿನ ಪೆನ್ಸಿಲು ತೆಗೆದು,
"ನಡುವಿನ ಗೆರಿ ಸೊಟ್ಟ ಐತಿ" ಅಂದ.
ಗುಣ್ಯಾ ಇಟ್ಟು ಇನ್ನೊಮ್ಮೆ ಎಳೆದ,
ಬಾಗಿಲ ಚೌಕಟ್ಟಿಗೆ ಎಳೆಯುವಂಥ ಗೆರೆ.

ಕಾಕಾ ಕೇಳಿದ: "ಅಲ್ಲಿ ಹೋಗಿ ಏನ್ ಪಾರ್ಟ್ ಮಾಡ್ತಿ, ಚಂಪಾ?"
ಪಾರ್ಟ್ ಮಾಡೂದಿಲ್ಲ ಕಾಕಾ, ಲೈಟ್ ಕಲೀತೀನಿ.
"ಬೆಳಕಿಗೂ ಡಿಗ್ರಿ!"
ಅವನ ಬ್ರಷ್ಷಿನ ತುದಿಯಿಂದ ನೀಲಿ ತೊಟ್ಟಿಕ್ಕಿತು.
ಬೆಳದಿಂಗಳ ತೋಟ ಬಿಡಿಸುತ್ತಿದ್ದ,
ಹಳೆಯ ಧೋತರ ಜೋಡಿಸಿ ಹೊಲಿದ ಪರದೆಯ ಮೇಲೆ.
"ಹಂಗಾದ್ರ ನನ್ನ ಈ ಚಂದ್ರನ್ನ ಏನ್ ಮಾಡ್ತಿ?"
ಉತ್ತರ ಇರಲಿಲ್ಲ.
ಇನ್ನೂ ಇಲ್ಲ.

ನಾಳೆ ಹನ್ನೆರಡರೊಳಗೆ ಅರ್ಜಿ ಮುಟ್ಟಿಸಬೇಕು.
ಇವತ್ತು ರಾತ್ರಿ ಚಿಮ್ಮಡದಲ್ಲಿ ಆಟ,
ಎರಡನೇ ಅಂಕಕ್ಕೆ ಕಾಡು ಏರಬೇಕು,
ಕಾಡಿನ ಗಾಲಿ ಎಣ್ಣೆ ಕಾಣದೆ ಕಿರುಗುಡುತ್ತದೆ.
ಕಾಗದಗಳನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದೇನೆ.
ಎಣಿಕೆಗೆ ಬರುವುದಿಲ್ಲ ಅಂತ ಗೊತ್ತು.
ಆದರೂ ಟೆಂಪೋ ಹತ್ತುವ ಮೊದಲು
ಹದಿನಾಲ್ಕನ್ನು ಹೊಡೆದು
ಹದಿನೈದು ಮಾಡಿದೆ.